ಬ್ರೇಕ್ ಪೈಪಿನ ಜೋಡಣೆಯಲ್ಲಿ ಥ್ರೆಡ್ ಹಾನಿ: ಅರ್ಹತಾ ಪತ್ರಕ್ಕೆ ಅರ್ಜಿ ಸಲ್ಲಿಸುವ ವಾಹನ ಮಾಲೀಕರಿಗೆ ಮಾಹಿತಿ

ಮೋಟಾರು ವಾಹನಗಳ ಕಾಯ್ದೆ, 1988ರ 56ನೇ ಕಲಮಿನನ್ವಯ ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನದ ನೋಂದಣಿಯು ಸಿಂಧುವೆಂದು ಪರಿಗಣಿತವಾಗುವುದಿಲ್ಲ. ಎಫ್.ಸಿ. ಎಂದು ರೂಢಿಯಲ್ಲಿ ಕರೆಯಲ್ಪಡುವ ಈ ಪತ್ರಕ್ಕಾಗಿ ವಾಹನವನ್ನು ತಪಾಸಣೆಗೆ ತರುವ ಮುನ್ನ ಮಾಲೀಕರು ಗಮನಿಸಬೇಕಾದ ಸ್ಥಳಗಳಲ್ಲಿ ಬ್ರೇಕ್ ಪೈಪಿನ ನಟ್ ಪ್ರಮುಖವಾದುದು. ಅಲ್ಲಿ ಬ್ರೇಕ್ ಆಯಿಲ್ ಜಿನುಗುತ್ತಿದ್ದರೆ ಥ್ರೆಡ್ ಹಾಳಾಗಿರುವ ಸಾಧ್ಯತೆಯಿದೆ. ತಪಾಸಣೆಯ ದಿನಕ್ಕೆ ಹೇಗೋ ಸೋರಿಕೆ ನಿಲ್ಲಿಸಿದರೆ ಸಾಕೆಂಬ ಮನೋಭಾವವು ಅಪಾಯಕಾರಿ.

ಸೋರಿಕೆಯನ್ನು ತಡೆಯುವುದು ಥ್ರೆಡ್ ಅಲ್ಲವೆಂಬುದನ್ನು ಮೊದಲು ತಿಳಿಯತಕ್ಕದ್ದು. ಉಕ್ಕಿನ ಬ್ರೇಕ್ ಪೈಪಿನ ತುದಿಯನ್ನು ಅಗಲಿಸಿ ಫ್ಲೇರ್ ಮಾಡಲಾಗಿರುತ್ತದೆ. ಈ ಫ್ಲೇರ್, ಮಾಸ್ಟರ್ ಸಿಲಿಂಡರ್ ಅಥವಾ ವೀಲ್ ಸಿಲಿಂಡರಿನ ಒಳಗಿನ ಆಸನಕ್ಕೆ ಒತ್ತಿ ಕುಳಿತಾಗ ಮಾತ್ರ ಆಯಿಲ್ ಹೊರಬರುವುದಿಲ್ಲ. ಥ್ರೆಡ್‌ನ ಕೆಲಸ ಫ್ಲೇರನ್ನು ಬಿಗಿಯಾಗಿ ಒತ್ತಿಹಿಡಿಯುವುದಷ್ಟೇ. ಆದುದರಿಂದ ಥ್ರೆಡ್ ಮೇಲೆ ಸುತ್ತುವ ಟೆಫ್ಲಾನ್ ಟೇಪಿನಿಂದ ಪ್ರಯೋಜನವಿಲ್ಲ. ಅದರ ಚೂರುಗಳು ಒಳಸೇರಿ ಆಯಿಲ್ ಸಾಗುವ ಸಣ್ಣ ರಂಧ್ರವನ್ನು ಮುಚ್ಚಬಹುದು. ಅಂಟಿನ ಲೇಪಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಲವಾಗಿ ಬ್ರೇಕ್ ಒತ್ತಿದಾಗ ಪೈಪಿನೊಳಗಿನ ಒತ್ತಡ 100 ಬಾರ್‌ನಷ್ಟು ಏರಬಲ್ಲುದು. ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್ ಮಾತ್ರ. ನಿಂತ ವಾಹನದಲ್ಲಿ ಒಣಗಿದಂತೆ ಕಾಣುವ ಜೋಡಣೆಯು ಇಳಿಜಾರಿನಲ್ಲಿ ಕೈಕೊಡುವುದು ಈ ಕಾರಣದಿಂದಲೇ.

ಹಾನಿಗೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಅವಸರ. ನಟ್ಟನ್ನು ಮೊದಲ ಕೆಲವು ಸುತ್ತು ಕೈಬೆರಳಿನಿಂದಲೇ ತಿರುಗಿಸದೆ ಸ್ಪ್ಯಾನರ್ ಹಾಕಿದರೆ ಅದು ಓರೆಯಾಗಿ ಕಚ್ಚುತ್ತದೆ. ಅಳತೆಯ ವ್ಯತ್ಯಾಸ ಮತ್ತೊಂದು ಕಾರಣ. 10 ಮಿ.ಮೀ. ವ್ಯಾಸ, 1 ಮಿ.ಮೀ. ಅಂತರದ ಥ್ರೆಡ್ ಇರುವ ರಂಧ್ರಕ್ಕೆ, ಇಂಚಿಗೆ 24 ಎಳೆಗಳಿರುವ 3/8 ಇಂಚಿನ ಹಳೆಯ ನಟ್ಟು ಸಡಿಲವಾಗಿ ಕೆಲವು ಸುತ್ತು ಹೋಗುತ್ತದೆ; ಬಿಗಿ ಮಾಡುವಾಗ ಎಳೆಗಳನ್ನೇ ಕಿತ್ತುಹಾಕುತ್ತದೆ. ನೋಟಕ್ಕೆ ಎರಡೂ ಒಂದೇ ಆಗಿರುವುದರಿಂದ ಅನುಭವಿ ಮೆಕ್ಯಾನಿಕ್ಕರೂ ಮೋಸಹೋಗುವುದುಂಟು.

ದುರಸ್ತಿಯ ಕ್ರಮವು ಹಾನಿಯಾಗಿರುವ ಭಾಗವನ್ನು ಅವಲಂಬಿಸಿರುತ್ತದೆ. ನಟ್ಟು ಮಾತ್ರ ಹಾಳಾಗಿದ್ದಲ್ಲಿ ವೆಚ್ಚ ಕಡಿಮೆ. ಆದರೆ ನಟ್ಟು ಫ್ಲೇರಿನ ಹಿಂದೆ ಸಿಲುಕಿರುವುದರಿಂದ ಪೈಪಿನ ತುದಿಯನ್ನು ಕತ್ತರಿಸಿ, ಹೊಸ ನಟ್ಟು ತೊಡಿಸಿ, ಮೊದಲಿದ್ದ ಆಕಾರದ ಫ್ಲೇರನ್ನೇ ಮತ್ತೆ ಮಾಡಿಸಬೇಕು. ಪೈಪ್ ತುಕ್ಕು ಹಿಡಿದಿದ್ದರೆ ಅಥವಾ ಕತ್ತರಿಸಿದ ನಂತರ ಉದ್ದ ಸಾಲದಿದ್ದರೆ ಪೂರ್ಣ ಪೈಪನ್ನು ಬದಲಾಯಿಸುವುದೇ ಲೇಸು. ಬರಿಯ ತಾಮ್ರದ ಕೊಳವೆ ಹಾಕಿಸಬಾರದು. ಅದು ವಾಹನದ ಕಂಪನಕ್ಕೆ ದಣಿದು ಬಿರುಕು ಬಿಡುತ್ತದೆ.

ಸಿಲಿಂಡರ್ ಅಥವಾ ಕ್ಯಾಲಿಪರಿನ ಒಳಗಿನ ಎಳೆಗಳು ಕೆಟ್ಟಿದ್ದರೆ ಹೆಚ್ಚಿನ ಎಚ್ಚರ ಅಗತ್ಯ. ಆರಂಭದ ಒಂದೆರಡು ಎಳೆಗಳು ಮಾತ್ರ ಜಜ್ಜಿದ್ದಲ್ಲಿ, ಭಾಗವನ್ನು ಬಿಚ್ಚಿ ಸರಿಯಾದ ಅಳತೆಯ ಟ್ಯಾಪಿನಿಂದ ಎಳೆಗಳನ್ನು ಶುಚಿಗೊಳಿಸಬಹುದು. ಟ್ಯಾಪ್ ಒಳಗಿನ ಆಸನಕ್ಕೆ ತಗುಲಬಾರದು. ಲೋಹದ ಚೂರೊಂದೂ ಒಳಗೆ ಉಳಿಯಕೂಡದು. ಎಳೆಗಳು ಕಿತ್ತುಬಂದಿದ್ದಲ್ಲಿ ಆ ಭಾಗವನ್ನೇ ಬದಲಾಯಿಸತಕ್ಕದ್ದು. ರಂಧ್ರವನ್ನು ದೊಡ್ಡದು ಮಾಡಿ ದಪ್ಪ ನಟ್ಟು ಕೂರಿಸಿಕೊಡುವ ಲೇತ್ ಅಂಗಡಿಗಳಿವೆ. ಇಂಜಿನ್ನಿನ ಬೋಲ್ಟಿಗೆ ಒಗ್ಗಬಹುದಾದ ಆ ಉಪಾಯ ಬ್ರೇಕಿಗೆ ಒಗ್ಗುವುದಿಲ್ಲ, ಏಕೆಂದರೆ ಕೊರೆಯುವಾಗ ಫ್ಲೇರ್ ಕೂರುವ ಆಸನವೇ ಕೆಡುವ ಸಂಭವವಿದೆ. ರಬ್ಬರ್ ಹೋಸನ್ನು ತೂತುಳ್ಳ ಬೋಲ್ಟಿನಿಂದ ಜೋಡಿಸಿರುವೆಡೆ ಸೋರಿಕೆ ತಡೆಯುವುದು ಇಕ್ಕೆಲದ ತಾಮ್ರದ ವಾಷರುಗಳು. ಬಿಚ್ಚಿದಾಗಲೆಲ್ಲ ಅವನ್ನು ಹೊಸದಾಗಿ ಹಾಕಿಸಬೇಕು.

ದುರಸ್ತಿಯ ನಂತರ, ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ನಮೂದಿಸಿರುವ ದರ್ಜೆಯ ಹೊಸ ಬ್ರೇಕ್ ಆಯಿಲ್ ತುಂಬಿಸಿ, ಪೈಪಿನೊಳಗಿನ ಗಾಳಿಯನ್ನು ಪೂರ್ಣವಾಗಿ ಹೊರತೆಗೆಸಬೇಕು. ಅನಂತರ ಜೋಡಣೆಯನ್ನು ಒರೆಸಿ ಒಣಗಿಸಿ, ಇಂಜಿನ್ ಚಾಲನೆಯಲ್ಲಿರುವಾಗ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿಹಿಡಿಯಿರಿ. ಪೆಡಲ್ ನಿಧಾನವಾಗಿ ಕೆಳಗಿಳಿದರೆ ಅಥವಾ ನಟ್ಟಿನ ಸುತ್ತ ತೇವ ಕಂಡರೆ ವಾಹನವನ್ನು ರಸ್ತೆಗೆ ಇಳಿಸಬೇಡಿ.

ತಪಾಸಣೆಯಲ್ಲಿ ಅರ್ಹತಾ ಪತ್ರವನ್ನು ನಿರಾಕರಿಸಿದಲ್ಲಿ, ಅದರ ಕಾರಣಗಳನ್ನು ಲಿಖಿತವಾಗಿ ಪಡೆಯುವ ಹಕ್ಕು ಇದೇ 56ನೇ ಕಲಮಿನನ್ವಯ ಮಾಲೀಕರಿಗಿದೆ. ಸದರಿ ಪತ್ರವನ್ನು ಮೆಕ್ಯಾನಿಕ್ಕರಿಗೆ ತೋರಿಸಿ, ಅದರಲ್ಲಿ ತಿಳಿಸಿರುವ ದೋಷವನ್ನು ಸರಿಪಡಿಸಿದ ನಂತರ ವಾಹನವನ್ನು ಮರುತಪಾಸಣೆಗೆ ಹಾಜರುಪಡಿಸುವುದು.