ಅಂಗೈಯ ಒರಟಿಗೆ ಕಾರಣ ಒಂದೇ ಅಲ್ಲ

ಸಲಿಕೆ, ಕುಡುಗೋಲು ಹಿಡಿದ ಅಂಗೈ ಜಡ್ಡುಗಟ್ಟುವುದರಲ್ಲಿ ವಿಶೇಷವೇನಿಲ್ಲ. ಸುರಪುರದ ಆಸ್ಪತ್ರೆಗಳಲ್ಲಿ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವ ಅನೇಕರ ಕೈ ಹಾಗೇ ಇರುತ್ತದೆ. ಆದರೆ ಆ ಒರಟುತನ ಅಂಗಾಲಿನಲ್ಲೂ ಇದ್ದು, ಎದೆ-ಬೆನ್ನಿನ ಮೇಲೆ ಮಳೆಹನಿ ಚೆಲ್ಲಿದಂಥ ಕಪ್ಪು-ಬಿಳಿ ಚುಕ್ಕೆಗಳು ಕಂಡರೆ ವೈದ್ಯರ ಲೆಕ್ಕ ಬದಲಾಗುತ್ತದೆ. ಸೋರಿಯಾಸಿಸ್ ಇರಬಹುದೇ? ಹಾಗಿದ್ದರೆ ಮೊಣಕೈ, ಮೊಣಕಾಲು, ನೆತ್ತಿಯನ್ನೂ ನೋಡಬೇಕು. ಕುಷ್ಠವೇ? ಮಚ್ಚೆಗೆ ಹತ್ತಿಯ ಎಳೆ ತಾಗಿಸಿ, ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಬೇಕು. ವಂಶದಿಂದ ಬಂದದ್ದಾದರೆ ಸಾಮಾನ್ಯವಾಗಿ ಎಳವೆಯಲ್ಲೇ ಶುರುವಾಗಿರುತ್ತದೆ. ಒಂದೊಂದನ್ನೇ ಬದಿಗಿಡುತ್ತ ಹೋದಾಗ ಉಳಿಯುವ ಪ್ರಶ್ನೆ ಚರ್ಮದ್ದೇ ಅಲ್ಲ: ಕುಡಿಯುವ ನೀರು ಎಲ್ಲಿಂದ ತರುತ್ತೀರಿ?

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಈ ಪ್ರಶ್ನೆಗೆ ತೂಕವಿದೆ. ಇಲ್ಲಿನ ಕಿರದಳ್ಳಿ ತಾಂಡಾ ಮಂಗಳೂರು ಎಂಬ ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿದೆ (ಕರಾವಳಿಯ ಮಂಗಳೂರಲ್ಲ). ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಭಾಗದ 59 ಕೊಳವೆಬಾವಿಗಳ ನೀರಿನಲ್ಲಿ ಶೇ. 79ರಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮಿತಿಯನ್ನು ದಾಟಿತ್ತು. ಒಂದರಲ್ಲಂತೂ 303. ಪರೀಕ್ಷಿಸಿದ 181 ಜನರಲ್ಲಿ ಶೇ. 58.6 ಮಂದಿಯ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು. ಒಬ್ಬನ ಅಂಗೈಗೆ ಹತ್ತು ಕಾರಣ ಹೇಳಬಹುದು. ಅರ್ಧಕ್ಕಿಂತ ಹೆಚ್ಚು ಜನರಿಗೆ ಅದೇ ಗುರುತಿದ್ದರೆ ಸಲಿಕೆಯನ್ನು ದೂರಿ ಕೂರುವಂತಿಲ್ಲ.

ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲದ ಈ ವಿಷ ಚರ್ಮದಲ್ಲಿ ಕಾಣಿಸಿಕೊಳ್ಳಲು ವರ್ಷಗಳೇ ಬೇಕು. ಹಾಗಾಗಿ ರೋಗಿಗೆ ನೀರಿನ ಮೇಲೆ ಅನುಮಾನ ಬರುವುದು ಕಷ್ಟ, ತಾನಾಗಿ ಹೇಳುವುದು ಇನ್ನೂ ಕಷ್ಟ. ಮೂತ್ರದ ಪರೀಕ್ಷೆ ಕಳೆದ ಕೆಲವು ದಿನಗಳ ಕತೆ ಹೇಳಿದರೆ, ಕೂದಲು-ಉಗುರು ತಿಂಗಳುಗಳದ್ದನ್ನು ಹೇಳುತ್ತವೆ. ಅಧ್ಯಯನದಲ್ಲಿ 171 ಜನರ ಕೂದಲು-ಉಗುರುಗಳೆಲ್ಲದರಲ್ಲೂ ಆರ್ಸೆನಿಕ್ ಹೆಚ್ಚಿತ್ತು. ಆದರೂ ಅನುಮಾನವಿದ್ದ ನಾಲ್ವರ ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಖಚಿತವಾದದ್ದು ಮೂವರಲ್ಲಿ ಮಾತ್ರ. ನೀರಿನಲ್ಲಿ ವಿಷವಿದೆ ಎಂದಮಾತ್ರಕ್ಕೆ ಆ ಊರಿನ ಪ್ರತಿಯೊಂದು ತುರಿಕೆಯನ್ನೂ ಅದರ ತಲೆಗೆ ಕಟ್ಟಲಾಗದು. ಒಬ್ಬರಿಗೆ ಬರೀ ಇಸಬೂ ಇರಬಹುದು.

ಯಾದಗಿರಿಯಲ್ಲಿ ಜ್ವರ ಎಂದು ಬಂದವರಿಗೂ ಇಂಥದ್ದೇ ಪ್ರಶ್ನೆ ಕಾದಿರುತ್ತದೆ: ಗುಳೆ ಹೋಗಿ ಬಂದಿರಾ, ಯಾವ ಊರಿಗೆ? ಮಲೇರಿಯಾ, ಡೆಂಗಿ, ಟೈಫಾಯ್ಡ್‌ಗಳ ಪೈಕಿ ಯಾವುದನ್ನು ಮೊದಲು ಹುಡುಕಬೇಕು ಎಂಬುದಕ್ಕೆ ಆ ಉತ್ತರ ನೆರವಾಗುತ್ತದೆ.

ಇಷ್ಟೆಲ್ಲ ಕೇಳಲು ಯಾವಾಗಲೂ ಪುರಸೊತ್ತು ಇರುವುದಿಲ್ಲ. ಶಹಾಪುರದ ಕಡೆ ಕಾಲುವೆ ನೀರಿನ ಭತ್ತ, ಹತ್ತಿ ಹೊಲಗಳಿವೆ. ಔಷಧ ಹೊಡೆಯುವ ಕೆಲಸವೂ ಇದೆ. ಎಚ್ಚರ ತಪ್ಪಿದ ಕೂಲಿಯವನನ್ನು ಹೊತ್ತು ತಂದರೆ ಬಿಸಿಲಿನ ಹೊಡೆತ, ಸಕ್ಕರೆ ಇಳಿದದ್ದು, ಹಾವು, ಕೀಟನಾಶಕ ನಾಲ್ಕನ್ನೂ ಒಟ್ಟಿಗೆ ನೆನೆಯಬೇಕು. ಯಾವುದು ಹೆಚ್ಚು ಸಾಧ್ಯ ಎನ್ನುವುದಕ್ಕಿಂತ ಯಾವುದು ಬೇಗ ಕೊಲ್ಲುತ್ತದೆ ಎನ್ನುವುದು ಆಗ ಮುಂದಾಗುತ್ತದೆ. ಬೆರಳು ಚುಚ್ಚಿದರೆ ಸಕ್ಕರೆಯ ಮಾತು ಕ್ಷಣದಲ್ಲಿ ಮುಗಿಯುತ್ತದೆ. ಮೈ ಕೆಂಡದಂತಿದ್ದರೆ ಬಿಸಿಲು. ರೆಪ್ಪೆ ಜೋತುಬಿದ್ದಿದ್ದರೆ ಹಲ್ಲಿನ ಗುರುತು ಸಿಗದಿದ್ದರೂ ಕಟ್ಟುಹಾವನ್ನು ಮರೆಯುವಂತಿಲ್ಲ. ಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು ಸುರಿದು, ಮೈ ಬೆವರುತ್ತಿದ್ದರೆ ಆರ್ಗನೊಫಾಸ್ಫೇಟ್ ಕೀಟನಾಶಕದತ್ತ ಬೆರಳು ತಿರುಗುತ್ತದೆ; ಪ್ರಯೋಗಾಲಯದ ವರದಿಗೆ ಕಾಯದೆ ಅಟ್ರೋಪಿನ್ ಮದ್ದು ಶುರುವಾಗುತ್ತದೆ. ವಿಷ ಸೇರದವರಿಗೆ ಅದನ್ನು ಸ್ವಲ್ಪವೇ ಕೊಟ್ಟರೂ ಬಾಯಿ ಒಣಗಿ ಎದೆಬಡಿತ ಏರುತ್ತದೆ. ವಿಷ ಹೊಕ್ಕವರಲ್ಲಿ ಅಷ್ಟಕ್ಕೆ ಏನೂ ಆಗದಿದ್ದರೆ ವೈದ್ಯರ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.