ಮಲೆನಾಡಿನ ಮನೆಗಳಲ್ಲಿ ಬೂಷ್ಟು: ಕಡತವೊಂದರ ನಷ್ಟದಿಂದ ತಿಳಿದುಬಂದ ಕೆಲವು ಸಂಗತಿಗಳು

ಹಳೆಯ ಮನೆಗಳಲ್ಲಿ ಕಡತ, ಓಲೆಗರಿ, ಗೇಣಿಚೀಟಿ, ಲೆಕ್ಕದ ಪುಸ್ತಕಗಳನ್ನು ಅರಸಿಕೊಂಡು ಹೋದವರಿಗೆ ಅಕ್ಷರಗಳಿಗಿಂತ ಮೊದಲು ಎದುರಾಗುವುದು ಒಂದು ವಾಸನೆ. ಪೆಟ್ಟಿಗೆಯ ಮುಚ್ಚಳವನ್ನು ಎತ್ತಿದೊಡನೆ ಮೂಗಿಗೆ ಬಡಿಯುವ ಆ ಮುಗ್ಗಲು ನಾತವನ್ನು ಮನೆಯವರು ಹಳೆಯ ವಸ್ತುವಿನ ಸಹಜ ಗುಣವೆಂದೇ ಭಾವಿಸಿರುತ್ತಾರೆ. ನಾವೂ ಹಾಗೆಯೇ ಭಾವಿಸಿದ್ದೆವು. ಶಿಲೀಂಧ್ರವು ಜೀವಂತವಾಗಿದ್ದು, ಬೆಳೆಯುವಾಗ ಗಾಳಿಗೆ ಬಿಡುವ ಆವಿಗಳೇ ಆ ವಾಸನೆಗೆ ಮುಖ್ಯ ಕಾರಣವೆಂಬುದನ್ನು ಅರಿಯಲು ನಮಗೆ ಒಂದು ನಷ್ಟವೇ ಬೇಕಾಯಿತು.

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಸೀಮೆಯ ಒಂದು ಮನೆಯಿಂದ ಅಡಕೆ ಮತ್ತು ಅಕ್ಕಿಯ ಲೆಕ್ಕವಿದ್ದ ಕಡತವೊಂದನ್ನು ಪ್ರತಿಮಾಡಿಕೊಳ್ಳಲು ಎರವಲು ತಂದೆವು. ತಂದದ್ದು ಜ್ಯೇಷ್ಠಮಾಸದಲ್ಲಿ. ಬಾಡಿಗೆಯ ಮನೆಯ ಕಬ್ಬಿಣದ ಬೀರುವಿನಲ್ಲಿ ನಾಲ್ಕು ನುಸಿಗುಳಿಗೆಗಳೊಡನೆ ಇಟ್ಟು, ಭದ್ರವಾಯಿತೆಂದು ನಂಬಿ, ಪರೀಕ್ಷೆಯ ಕೆಲಸಗಳಲ್ಲಿ ಮರೆತೆವು. ಶ್ರಾವಣದಲ್ಲಿ ಬಾಗಿಲು ತೆರೆದಾಗ ಮಡಿಕೆಗಳ ಮೇಲೆಲ್ಲ ಬೂದಿಬಣ್ಣದ ಬೂಷ್ಟು ಹರಡಿತ್ತು. ಗಾಬರಿಯಿಂದ ಒದ್ದೆಬಟ್ಟೆಯಲ್ಲಿ ಒರಸಿದೆವು. ಬೂಷ್ಟಿನೊಡನೆ ನಾಲ್ಕು ಮಡಿಕೆಗಳ ಅಂಕಿಗಳೂ ಹೋದವು. ಹಿಂದಿರುಗಿಸಲು ಹೋದ ದಿನ ಆ ಮನೆಯ ಹಿರಿಯಮ್ಮನವರು ಕಡತವನ್ನು ನಿಧಾನವಾಗಿ ತಿರುವಿ ನೋಡಿ, "ಒಲೆ ಮೇಲಿನ ಅಟ್ಟದಲ್ಲಿ ಇಷ್ಟು ಕಾಲ ಇತ್ತಲ್ಲ ಮೇಷ್ಟ್ರೇ, ಅಲ್ಲಿ ಏನೂ ಆಗಿರಲಿಲ್ಲ" ಎಂದರು. ಅದರಲ್ಲಿ ಕೋಪವಿರಲಿಲ್ಲ. ಪ್ರಕೃತ ಲೇಖನವು ಆ ಮಾತಿಗೆ ಕಾರಣವನ್ನು ಹುಡುಕಿದುದರ ಫಲ.

ಕಡತವು ಬೂಷ್ಟಿಗೆ ಪಕ್ವಾನ್ನವೇ ಸರಿ. ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿ, ಬಳಪದಿಂದ ಬರೆಯುವುದು ಅದರ ಕ್ರಮ. 1810ರಲ್ಲಿ ಮೈಸೂರಿನ ಇತಿಹಾಸದ ಮೊದಲ ಸಂಪುಟವನ್ನು ಹೊರತಂದ ಮಾರ್ಕ್ ವಿಲ್ಕ್ಸ್ ಇದನ್ನು ವರ್ಣಿಸಿದ್ದಾನೆ. ಬರೆದುದನ್ನು ಬೇಕಾದಾಗ ಅಳಿಸಬಹುದೆಂಬುದನ್ನೂ ಅಲ್ಲಿಯೇ ಹೇಳಿದ್ದಾನೆ. ಆ ಪುಟವನ್ನು ತರಗತಿಯಲ್ಲಿ ಪಾಠ ಹೇಳಿದವರೇ ಒದ್ದೆಬಟ್ಟೆಯನ್ನು ಹಿಡಿದೆವೆಂಬುದನ್ನು ಮರೆಮಾಚಿ ಫಲವಿಲ್ಲ.

ಇನ್ನು ಅಟ್ಟದ ವಿಚಾರ. ಶಿಲೀಂಧ್ರದ ಬೀಜಕಣಗಳು ಎಲ್ಲ ಕಡೆಯ ಗಾಳಿಯಲ್ಲಿಯೂ ಇರುತ್ತವೆ. ಅವುಗಳನ್ನು ಮನೆಯಿಂದ ಪೂರ್ಣವಾಗಿ ಹೊರಹಾಕುವುದು ಅಸಾಧ್ಯ. ಪಿಷ್ಟ, ಅಂಟು, ಚರ್ಮ, ಮರ ಮುಂತಾದ ಆಹಾರವೂ ಎಲ್ಲ ಮನೆಗಳಲ್ಲಿ ಇದ್ದೇ ಇದೆ. ನಮ್ಮ ಹತೋಟಿಗೆ ಸಿಕ್ಕುವುದು ತೇವವೊಂದೇ. ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡಾ 65ರಿಂದ 70ನ್ನು ಮೀರಿ ಬಹುಕಾಲ ನಿಂತರೆ ಕಣಗಳು ಮೊಳೆಯತೊಡಗುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ ಆಷಾಢ ಶ್ರಾವಣಗಳಲ್ಲಿ ಈ ಮೇರೆಯ ಕೆಳಗೆ ಹೊರಗಾಳಿ ಇಳಿಯುವುದೇ ಅಪರೂಪ.

ಆದರೆ ಸಾಪೇಕ್ಷ ಆರ್ದ್ರತೆಯು ಉಷ್ಣತೆಯನ್ನು ಅವಲಂಬಿಸಿದೆ. ಒಂದು ಘನಮೀಟರು ಗಾಳಿಯು 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. 35 ಡಿಗ್ರಿಯಲ್ಲಿ 40 ಗ್ರಾಂಗೆ ಸಮೀಪ. ಆದುದರಿಂದ 25 ಡಿಗ್ರಿಯಲ್ಲಿ ಶೇಕಡಾ 90ರಷ್ಟು ತೇವವಿರುವ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆಯೇ, ಆರ್ದ್ರತೆಯು ಶೇಕಡಾ 70ರ ಒಳಗೆ ಬರುತ್ತದೆ. 35ಕ್ಕೆ ಕಾಯಿಸಿದರೆ ಶೇಕಡಾ 50ರ ಹತ್ತಿರಕ್ಕೆ. ಒಲೆಯ ಮೇಲಣ ಅಟ್ಟದಲ್ಲಿ ದಿನವೂ ನಡೆಯುತ್ತಿದ್ದುದು ಇದೇ. ಬಿಸಿಗಾಳಿ ಮೇಲೇರಿ ಹಂಚಿನ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ಹೊಗೆಯಲ್ಲಿನ ಕೆಲವು ದ್ರವ್ಯಗಳು ಹುಳುವನ್ನೂ ಬೂಷ್ಟನ್ನೂ ದೂರವಿಡುತ್ತಿದ್ದುವು. ಆ ಹೊಗೆಯನ್ನು ಕುಡಿದವರು ಅಡಿಗೆಮನೆಯ ಹೆಂಗಸರೆಂಬುದನ್ನು ನೆನೆದಾಗ, ಸೌದೆಯ ಒಲೆ ಮರಳಿ ಬರಲೆಂದು ಹಾರೈಸುವ ಧೈರ್ಯ ನಮಗಿಲ್ಲ. ನಮ್ಮ ಕಬ್ಬಿಣದ ಬೀರುವಿನಲ್ಲಿಯಾದರೋ ಗಾಳಿ ಕದಲುವಂತಿರಲಿಲ್ಲ. ರಾತ್ರಿ ತಗಡು ಬೇಗ ತಣ್ಣಗಾಗಿ ಒಳಗಿನ ಆವಿ ಅದರ ಮೇಲೆ ನೀರಾಗುತ್ತಿತ್ತು. ನುಸಿಗುಳಿಗೆಯು ಹುಳುಗಳಿಗೆ ಮದ್ದು. ಬೂಷ್ಟನ್ನು ತಡೆಯಲು ಅದನ್ನು ನಂಬುವಂತಿಲ್ಲ.

ಮನೆಯ ರಚನೆಯೂ ಬದಲಾಗಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಮೊದಲಾಗಿ ಹಬ್ಬಿದ ಹಂಚಿನ ಮಾಡು ಮಳೆಯನ್ನು ತಡೆದರೂ ಗಾಳಿಯನ್ನು ತಡೆಯುತ್ತಿರಲಿಲ್ಲ. ಮಣ್ಣಿನ ಗೋಡೆ, ಸುಣ್ಣದ ಗಾರೆಗಳು ತೇವವನ್ನು ಹೀರಿ ಮತ್ತೆ ಬಿಡಬಲ್ಲವು. ಹಸಿಸುಣ್ಣವು ತೀಕ್ಷ್ಣ ಕ್ಷಾರವಾದುದರಿಂದ ಅದರ ಮೇಲೆ ಬೂಷ್ಟು ನೆಲೆಯೂರದು. ಗಾಳಿಯ ಸಂಪರ್ಕದಿಂದ ಆ ಗುಣ ಕ್ರಮೇಣ ಕುಂದುವುದರಿಂದ, ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ರೂಢಿಯಲ್ಲಿ ಹಬ್ಬದ ಸಡಗರವೊಂದೇ ಇರಲಿಲ್ಲ. ಅಂತಹ ಗೋಡೆಗೆ ಸಿಮೆಂಟು ಮೆತ್ತಿ ಎಣ್ಣೆಬಣ್ಣ ಹಚ್ಚಿದರೆ ಅಡಿಪಾಯದಿಂದ ಏರಿದ ನೀರು ಒಳಗೇ ಸಿಕ್ಕಿ, ಬಣ್ಣ ಹೊಪ್ಪಳಿಕೆಯೆದ್ದು, ಹಿಂದೆ ಕರಿಬೂಷ್ಟು ಬೆಳೆಯುತ್ತದೆ. ಇದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇವೆ.

ಆದುದರಿಂದ ನೀರಿನ ಮೂಲವನ್ನು ಮುಚ್ಚದೆ ಗೋಡೆಯನ್ನು ತಿಕ್ಕುವುದು ವ್ಯರ್ಥ ಶ್ರಮ. ಒಡೆದ ಹಂಚು, ಕಟ್ಟಿಕೊಂಡ ದೋಣಿ, ಗೋಡೆಯ ಬುಡಕ್ಕೆ ಹರಿಯುವ ಬಚ್ಚಲ ನೀರು, ನಡುಮನೆಯಲ್ಲಿ ಹರವಿದ ಒದ್ದೆಬಟ್ಟೆ ಇವುಗಳನ್ನು ಮೊದಲು ನೋಡತಕ್ಕದ್ದು. ಜಡಿಮಳೆಯಲ್ಲಿ ದಿನವಿಡೀ ಕಿಟಕಿ ತೆರೆದಿಟ್ಟರೆ ತೇವವನ್ನು ಆಹ್ವಾನಿಸಿದಂತೆ. ಹೊಳವಾದಾಗ ತೆರೆದು ಮಳೆ ಹಿಡಿದೊಡನೆ ಮುಚ್ಚುವುದು ಲೇಸು. ಅಡಿಗೆಮನೆ, ಬಚ್ಚಲುಮನೆಗಳ ಹಬೆಯನ್ನು ಮಾತ್ರ ಯಾವಾಗಲೂ ಹೊರಕ್ಕೆ ಕಳುಹಿಸಬೇಕು. ಬೀರು ಪೆಟ್ಟಿಗೆಗಳು ಗೋಡೆಗೆ ತಾಗದೆ ಒಂದು ಗೇಣು ದೂರವಿರಲಿ.

ಬಂದ ಬೂಷ್ಟನ್ನು ತೆಗೆಯುವಾಗ ಮೂಗು ಬಾಯಿಗಳಿಗೆ ಮುಸುಕು ಅವಶ್ಯ. ಉಬ್ಬಸದವರು ಈ ಕೆಲಸಕ್ಕೆ ಇಳಿಯಬಾರದು, ಏಕೆಂದರೆ ಸತ್ತ ಬೂಷ್ಟೂ ಅವರನ್ನು ಕಾಡುತ್ತದೆ. ಮರದ ಸಾಮಾನುಗಳನ್ನು ಸಾಬೂನು ನೀರಿನಿಂದ ಒರಸಿ ಕೂಡಲೇ ಒಣಗಿಸಬೇಕು. ಬಚ್ಚಲಿನ ಬಿಲ್ಲೆಗಳಿಗೆ ಬ್ಲೀಚಿಂಗ್ ಪುಡಿಯ ತಿಳಿನೀರು ಸಾಕು. ಆದರೆ ಅದನ್ನು ಆಮ್ಲದೊಡನಾಗಲಿ ಅಮೋನಿಯದೊಡನಾಗಲಿ ಬೆರೆಸಿದರೆ ವಿಷಾನಿಲವೇಳುತ್ತದೆ. ಕೆಲವರು ಹೇಳುವ ವಿನಿಗರ್ ಸುಣ್ಣದ ಗಾರೆಯನ್ನು ಕರಗಿಸುವುದರಿಂದ ನಮ್ಮ ಹಳೆಯ ಗೋಡೆಗಳಿಗೆ ಸಲ್ಲದು. ಒಳಕ್ಕೆ ಬೂಷ್ಟು ಇಳಿದ ಹಾಸಿಗೆಯನ್ನು ಉಳಿಸಿಕೊಳ್ಳುವ ಆಸೆ ಬಿಡಬೇಕು. ಧೂಪ, ಕರ್ಪೂರಗಳು ವಾಸನೆಯನ್ನು ಮರೆಸುತ್ತವೆಯಷ್ಟೆ.

ದಾಖಲೆಗಳಿಗೆ ಈ ಯಾವುದೂ ಅನ್ವಯಿಸದು. ಅವುಗಳನ್ನು ಮೊದಲು ನೆರಳಿನಲ್ಲಿ, ಗಾಳಿಯಾಡುವ ಒಣಸ್ಥಳದಲ್ಲಿ ಆರಿಸಬೇಕು. ಹಸಿಯಾದ ಬೂಷ್ಟನ್ನು ಮುಟ್ಟಿದರೆ ಅದು ಬಳಿದುಕೊಳ್ಳುತ್ತದೆ. ಒಣಗಿ ಪುಡಿಯಾದ ಮೇಲೆ ಮನೆಯ ಹೊರಗೆ ಮೃದುವಾದ ಕುಂಚದಿಂದ ಹಗುರವಾಗಿ ಉದುರಿಸಬಹುದು. ಕಡತವಾದರೆ ಕುಂಚವನ್ನು ತಾಗಿಸುವ ಮೊದಲೇ ಪ್ರತಿ ಮಡಿಕೆಯ ಛಾಯಾಚಿತ್ರ ತೆಗೆಯತಕ್ಕದ್ದು. ಬಿಸಿಲಿಗೆ ಹಾಕಿದರೆ ಓಲೆಗರಿ ಮುರುಟಿ ಸೀಳುತ್ತದೆ, ಕಾಗದ ಕಂದುತ್ತದೆ. ಓಲೆಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವ ವಾಡಿಕೆಯುಂಟು. ಅಕ್ಷರಕ್ಕೆ ತುಂಬಿದ ಮಸಿ ಏಳುವುದೇ ಎಂದು ಪರೀಕ್ಷಿಸಬಲ್ಲ ಅನುಭವಿಗಳಿಗೆ ಅದನ್ನು ಬಿಡುವುದು ಮೇಲು. ನೆನೆದ ಕಾಗದದ ಪುಸ್ತಕವನ್ನು 48 ಗಂಟೆಗಳೊಳಗೆ ಒಣಗಿಸಲಾಗದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನ ಮಂಜುಗಡ್ಡೆಯ ಅರೆಯಲ್ಲಿಟ್ಟರೆ ಬೂಷ್ಟಿನ ಬೆಳವಣಿಗೆ ಅಷ್ಟರಮಟ್ಟಿಗೆ ನಿಲ್ಲುತ್ತದೆ.

ಆ ಮನೆಯಲ್ಲಿ ಈಗ ಗ್ಯಾಸಿನ ಒಲೆ ಬಂದಿದೆ, ಅಟ್ಟ ಮೊದಲಿನಂತಿಲ್ಲ. ಹಿರಿಯಮ್ಮನವರ ಒಪ್ಪಿಗೆ ಪಡೆದು ಮರದ ಗೋಡೆಬೀರುವೊಂದರ ಕೆಳಗಿನ ಅರೆಯಲ್ಲಿ ಹಳೆಯ ತಂತಿಬಲ್ಬೊಂದನ್ನು, ಸುತ್ತ ತಂತಿಬಲೆಯ ರಕ್ಷಣೆಯೊಡನೆ, ಏನೂ ತಾಗದಂತೆ ಜೋಡಿಸಿದೆವು. ಹೊಸ ಎಲ್‌ಇಡಿ ದೀಪಗಳು ಬೇಕಾದಷ್ಟು ಶಾಖ ಕೊಡುವುದಿಲ್ಲ. ಕಡತವಿರುವುದು ಮೇಲಿನ ಅರೆಯಲ್ಲಿ, ಪಕ್ಕದಲ್ಲಿ ಒಂದು ಚಿಕ್ಕ ಆರ್ದ್ರತಾಮಾಪಕ. ಕಳೆದ ಆಷಾಢದಲ್ಲಿ ಮುಳ್ಳು 65ನ್ನು ದಾಟಲಿಲ್ಲವೆಂದು ಅವರ ಮೊಮ್ಮಗ ತಿಳಿಸಿದ್ದಾನೆ. ಮರ ಬಿದ್ದು ಕರೆಂಟು ಹೋದ ಮೂರು ದಿನ ಮಾತ್ರ ಏರಿತ್ತಂತೆ. ಆ ದಿನಗಳಲ್ಲಿ ಅಜ್ಜಿ ಕಡತವನ್ನು ಪಂಚೆಯಲ್ಲಿ ಸುತ್ತಿ, ಬಚ್ಚಲೊಲೆಯ ಕೆಂಡವನ್ನು ಅಗ್ಗಿಷ್ಟಿಕೆಯಲ್ಲಿ ತಂದು, ಮೊಳದೂರದಲ್ಲಿಟ್ಟುಕೊಂಡು ಕುಳಿತಿದ್ದರಂತೆ.