ಗೇಣುದ್ದದ ಲಾರಿಯ ಪುನರ್ಜನ್ಮ

ಒಂದು ವಸ್ತುವನ್ನು ಕಟ್ಟುವುದು ಒಂದು ವಿದ್ಯೆ. ಕಟ್ಟಿದುದನ್ನು ಕೆಡದಂತೆ ಬಿಚ್ಚುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ಕೈಚಳಕವಿದ್ದರೆ ಸಾಕಾಗಬಹುದು. ಎರಡನೆಯದಕ್ಕೆ ಆ ವಸ್ತು ಯಾವುದರಿಂದ ಆಗಿದೆ, ಯಾವುದಕ್ಕೆ ಅದು ಮಣಿಯುತ್ತದೆ, ಯಾವುದಕ್ಕೆ ಮಣಿಯದು ಎಂಬ ತಿಳಿವು ಅಗತ್ಯ. ಈ ಮಾತಿಗೆ ಒಂದು ಆಟದ ಸಾಮಾನನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ.

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ 1948ರಲ್ಲಿ 'ಎ.ಎಂ.ಟಿ.' ಎಂಬ ಕಂಪನಿ ಹುಟ್ಟಿತು. 'ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್' ಎಂಬುದು ಅದರ ಹೆಸರಿನ ವಿಸ್ತಾರ. ಆದರೆ ಅದಕ್ಕೆ ಕೀರ್ತಿ ತಂದುದು ಅಲ್ಯೂಮಿನಿಯಂ ಅಲ್ಲ, ಪ್ಲಾಸ್ಟಿಕ್. ಮೋಟಾರು ವ್ಯಾಪಾರಿಗಳು ತಮ್ಮ ಗಿರಾಕಿಗಳಿಗೆ ಹಂಚುತ್ತಿದ್ದ ಪುಟ್ಟ ಮಾದರಿ ಕಾರುಗಳನ್ನು ಅದು ಮೊದಲು ತಯಾರಿಸುತ್ತಿತ್ತು. 1958ರಲ್ಲಿ ಅದು ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಲಾರಂಭಿಸಿತು. ಒಂದೇ ಪೆಟ್ಟಿಗೆಯ ಭಾಗಗಳಿಂದ ಮೂರು ಬಗೆಯಲ್ಲಿ ವಾಹನವನ್ನು ಕಟ್ಟಬಹುದಾಗಿತ್ತು: ಕಾರ್ಖಾನೆಯಿಂದ ಹೊರಬಂದಂತೆ, ಒಡೆಯನ ಇಷ್ಟದಂತೆ ಮಾರ್ಪಡಿಸಿ, ಅಥವಾ ಪಂದ್ಯಕ್ಕೆ ಸಜ್ಜುಗೊಳಿಸಿ. ಕಾರುಗಳ ರೂಪವನ್ನು ಬದಲಿಸುವುದರಲ್ಲಿ ಹೆಸರಾದ ಜಾರ್ಜ್ ಬ್ಯಾರಿಸ್ ಆ ಕಂಪನಿಗೆ ಸಲಹೆಗಾರರಾಗಿದ್ದರು.

ಆ ಕಂಪನಿಯ ಮಾದರಿಗಳಲ್ಲಿ 1953ರ ಫೋರ್ಡ್ ಪಿಕಪ್ ಲಾರಿಯೂ ಒಂದು. ಫೋರ್ಡ್ ಕಂಪನಿ ತನ್ನ ಐವತ್ತನೆಯ ವರ್ಷದಲ್ಲಿ ಹೊರತಂದ 'ಎಫ್-100' ಎಂಬ ಲಾರಿಯ ಪ್ರತಿರೂಪವದು. ನಿಜವಾದ ಲಾರಿಯ ಮುಂಗಾಲಿಗೂ ಹಿಂಗಾಲಿಗೂ ನಡುವಣ ಅಂತರ 110 ಅಂಗುಲ. ಮಾದರಿಯು ಇಪ್ಪತ್ತೈದರಲ್ಲೊಂದು ಪ್ರಮಾಣದ್ದು. ಆದುದರಿಂದ ಅದರಲ್ಲಿ ಈ ಅಂತರ 4.4 ಅಂಗುಲ. ಇಡೀ ಲಾರಿ ಒಂದು ಗೇಣಿನೊಳಗೆ ಅಡಗುತ್ತದೆ.

ಇಂತಹ ಪೆಟ್ಟಿಗೆಗಳನ್ನು ಕೊಂಡವರಲ್ಲಿ ಬಹುಮಂದಿ ಹತ್ತು ಹನ್ನೆರಡು ವರ್ಷದ ಹುಡುಗರು. ಅವರು ಅಂಟನ್ನು ಧಾರಾಳವಾಗಿ ಸುರಿದರು. ಬಣ್ಣವನ್ನು ದಪ್ಪವಾಗಿ ಬಳಿದರು. ಕೆಲವು ತಿಂಗಳು ಆಡಿ ಅಟ್ಟಕ್ಕೆ ಎಸೆದರು. ಇಂದು ಹಳೆಯ ಸಾಮಾನಿನ ಸಂತೆಗಳಲ್ಲಿ ಸಿಕ್ಕುವ ಈ ಪಳೆಯುಳಿಕೆಗಳಿಗೆ ಅಮೆರಿಕದ ಹವ್ಯಾಸಿಗಳು 'ಗ್ಲೂ ಬಾಂಬ್', ಎಂದರೆ ಅಂಟಿನ ಬಾಂಬು, ಎಂದು ಹಾಸ್ಯವಾಗಿ ಹೆಸರಿಟ್ಟಿದ್ದಾರೆ. ಹೊಸ ಪೆಟ್ಟಿಗೆಯನ್ನು ಕೊಳ್ಳಬಾರದೇಕೆ ಎಂದು ಕೇಳಬಹುದು. ಕೆಲವು ಮಾದರಿಗಳು ಮತ್ತೆ ಅಚ್ಚಾಗಿವೆ, ನಿಜ. ಆದರೆ ಮತ್ತೆ ಕೆಲವು ಮಾದರಿಗಳ ಉಕ್ಕಿನ ಅಚ್ಚುಗಳನ್ನೇ ಕಡೆದು ಮುಂದಿನ ವರ್ಷದ ವಾಹನಗಳಿಗೆ ಹೊಂದಿಸಲಾಯಿತು. ಆ ಮಾದರಿಗಳು ಮೊದಲಿನ ರೂಪದಲ್ಲಿ ಇನ್ನು ಹುಟ್ಟಲಾರವು; ಅಟ್ಟದಲ್ಲಿ ಉಳಿದುವಷ್ಟೇ ಉಳಿದಂತೆ. ಅಂತಹುದೊಂದು ಕೈಗೆ ಬಂದಾಗ ತಪ್ಪು ದ್ರವದ ಒಂದು ಬಟ್ಟಲು ಅದನ್ನು ಅರ್ಧ ಗಂಟೆಯಲ್ಲಿ ಮುದ್ದೆಯಾಗಿಸಬಲ್ಲುದು.

ವಸ್ತು ಯಾವುದು?

ಈ ಮಾದರಿಗಳ ಮೈಯೆಲ್ಲ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಇದು ನಮಗೆ ಅಪರಿಚಿತವಲ್ಲ. ಮದುವೆಯ ಮಂಟಪಗಳಿಗೂ ವಿಜ್ಞಾನ ಪ್ರದರ್ಶನದ ಮಾದರಿಗಳಿಗೂ ನಾವು ಬಳಸುವ ಬಿಳಿಯ ಥರ್ಮೋಕೋಲ್ ಇದೇ ವಸ್ತು. ಅದರಲ್ಲಿ ಅನಿಲದ ಗುಳ್ಳೆಗಳನ್ನು ತುಂಬಿ ಉಬ್ಬಿಸಿದೆ, ಮಾದರಿ ಲಾರಿಯಲ್ಲಿ ಉಬ್ಬಿಸಿಲ್ಲ, ಅಷ್ಟೆ ವ್ಯತ್ಯಾಸ.

1839ರಲ್ಲಿ ಬರ್ಲಿನ್ನಿನ ಔಷಧಿ ವ್ಯಾಪಾರಿ ಎಡುಅರ್ಡ್ ಸಿಮೋನ್ ಒಂದು ಮರದ ಅಂಟಿನಿಂದ ಬಟ್ಟಿಯಿಳಿಸಿದ ಎಣ್ಣೆ ಕೆಲವು ದಿನಗಳಲ್ಲಿ ತಾನಾಗಿಯೇ ಗಟ್ಟಿಯಾದುದನ್ನು ಕಂಡನು. ಅದು ಏಕೆ ಹಾಗಾಯಿತೆಂಬುದು ಅವನಿಗೆ ತಿಳಿಯಲಿಲ್ಲ. ಚಿಕ್ಕ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಕೈಹಿಡಿದು ಉದ್ದನೆಯ ಸರಪಳಿಯಾಗಬಲ್ಲವು ಎಂಬ ವಾದವನ್ನು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಮಂಡಿಸಿದರು. ಅನೇಕ ರಸಾಯನಜ್ಞರು ಆಗ ಅದನ್ನು ಒಪ್ಪಲಿಲ್ಲ. ಅವರಿಗೆ ನೊಬೆಲ್ ಪಾರಿತೋಷಕ ದೊರೆತುದು 1953ರಲ್ಲಿ, ನಮ್ಮ ಲಾರಿ ರಸ್ತೆಗಿಳಿದ ವರ್ಷದಲ್ಲಿಯೇ.

ಪಾಲಿಸ್ಟೈರೀನಿನ ಈ ಸರಪಳಿಗಳು ಒಂದಕ್ಕೊಂದು ಕಟ್ಟಿಕೊಂಡಿಲ್ಲ. ಬುಟ್ಟಿಯಲ್ಲಿನ ಶಾವಿಗೆಯ ಎಳೆಗಳಂತೆ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿವೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕೆಳಗೆ ಅವು ಅಲ್ಲಾಡಲಾರವು. ವಸ್ತು ಗಾಜಿನಂತೆ ಬಿರುಸಾಗಿರುತ್ತದೆ. ಅದಕ್ಕಿಂತ ಮೇಲೆ ಅವು ಸಡಿಲವಾಗುತ್ತವೆ. ಹೀಗೆ ಸಡಿಲಿಸಲು ಶಾಖವೊಂದೇ ದಾರಿಯಲ್ಲ, ತಕ್ಕ ದ್ರವವೂ ಸಾಕು. ಹಳೆಯ ಮಾದರಿಯನ್ನು ಉದ್ಧರಿಸುವವನಿಗೆ ಬೇಕಾದ ಮುಖ್ಯ ಜ್ಞಾನವೆಲ್ಲ ಈ ಎರಡು ವಾಕ್ಯಗಳಲ್ಲಿದೆ.

ಅಂಟಲ್ಲ, ಬೆಸುಗೆ

ಮಾದರಿಗಳ 'ಅಂಟು' ನಿಜವಾಗಿ ಅಂಟೇ ಅಲ್ಲ. ಟಾಲ್ವೀನ್, ಬ್ಯೂಟನೋನ್ ಮುಂತಾದ ದ್ರಾವಕಗಳು ಅದರಲ್ಲಿರುತ್ತವೆ. ಅವು ಎರಡು ಭಾಗಗಳ ಮೇಲ್ಮೈಯನ್ನೂ ಮೆದುವಾಗಿಸುತ್ತವೆ. ಆಗ ಒಂದರ ಸರಪಳಿಗಳು ಇನ್ನೊಂದರೊಳಗೆ ನುಸುಳಿ ಹೆಣೆದುಕೊಳ್ಳುತ್ತವೆ. ದ್ರಾವಕ ಆವಿಯಾಗಿ ಹೋದ ಮೇಲೆ ಎರಡು ಭಾಗ ಒಂದೇ ಭಾಗವಾಗಿರುತ್ತದೆ. ಕಬ್ಬಿಣದ ಬೆಸುಗೆಗೂ ಇದಕ್ಕೂ ಇರುವ ಹೋಲಿಕೆ ಸ್ಪಷ್ಟ.

ಆದುದರಿಂದ ಪೂರ್ಣವಾಗಿ ಬೆಸೆದ ಕೂಡಿಕೆಯನ್ನು 'ಬಿಡಿಸುವುದು' ಅಸಾಧ್ಯ. ಸಣ್ಣ ಗರಗಸದಿಂದ ಕೊಯ್ಯುವುದೊಂದೇ ಉಪಾಯ. ಸುದೈವದಿಂದ ಆತುರದ ಹುಡುಗನ ಕೂಡಿಕೆಗಳು ಬಹುಮಟ್ಟಿಗೆ ಅರೆಬೆಸುಗೆಗಳು. ಮಾದರಿಯನ್ನು ಕೆಲವು ಗಂಟೆ ಶೀತಕಪೆಟ್ಟಿಗೆಯ ಹಿಮದ ಅರೆಯಲ್ಲಿಟ್ಟು ತೆಗೆದು, ಕೂಡಿಕೆಯ ಸಂದಿನಲ್ಲಿ ತೆಳ್ಳನೆಯ ಅಲಗನ್ನು ಮೆಲ್ಲನೆ ಆಡಿಸಿದರೆ ಅವು ಟಕ್ಕನೆ ಬಿಡುತ್ತವೆ. ತಂಪಿನಲ್ಲಿ ಪ್ಲಾಸ್ಟಿಕ್ ಬಿರುಸಾಗುತ್ತದೆ. ಬಿರುಸಾದ ವಸ್ತು ತನ್ನ ಅತ್ಯಂತ ದುರ್ಬಲವಾದ ಗೆರೆಯಲ್ಲಿಯೇ ಮೊದಲು ಸೀಳುತ್ತದೆ. ಆದರೆ ಲಾರಿಯ ಕಿಟಕಿಯ ಕಂಬಗಳೂ ಅಷ್ಟೇ ಬಿರುಸಾಗಿರುತ್ತವೆ ಎಂಬುದನ್ನು ಮರೆಯಕೂಡದು.

ಬಣ್ಣವನ್ನು ಕಳೆಯುವ ಬಗೆ

ಇನ್ನು ಹಳೆಯ ಬಣ್ಣ. ಇಲ್ಲಿ ಪ್ರಶ್ನೆ ಹೀಗಿದೆ: ಬಣ್ಣವನ್ನು ಕೆಡಿಸಬೇಕು, ಅದರ ಕೆಳಗಿನ ಪ್ಲಾಸ್ಟಿಕ್ಕನ್ನು ಮುಟ್ಟಕೂಡದು. 'ಸಮಾನವು ಸಮಾನವನ್ನು ಕರಗಿಸುತ್ತದೆ' ಎಂಬ ರಸಾಯನಶಾಸ್ತ್ರದ ಹಳೆಯ ಸೂತ್ರ ಇಲ್ಲಿ ನೆರವಾಗುತ್ತದೆ. ಪಾಲಿಸ್ಟೈರೀನಿನ ಅಣುಗಳಲ್ಲಿ ವಿದ್ಯುತ್ ಧ್ರುವೀಯತೆ ಬಹಳ ಕಡಿಮೆ. ಅಂತಹುದೇ ಸ್ವಭಾವದ ಟಾಲ್ವೀನ್ ಅದನ್ನು ಕರಗಿಸುತ್ತದೆ. ಪೆಟ್ರೋಲ್, ಬಣ್ಣದ ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಕೂಡ ಅದಕ್ಕೆ ಹಾನಿಮಾಡುತ್ತವೆ. ನೀರು, ಆಲ್ಕೊಹಾಲ್, ಗ್ಲೈಕಾಲ್ ಮುಂತಾದ ಧ್ರುವೀಯ ದ್ರವಗಳು ಮಾತ್ರ ಅದರ ಸರಪಳಿಗಳ ನಡುವೆ ನುಸುಳಲಾರವು.

ಓದುಗರು ಈ ಸೂತ್ರವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಥರ್ಮೋಕೋಲಿನ ಒಂದು ತುಂಡಿನ ಮೇಲೆ ನೀರಿನ ಹನಿಯನ್ನಿಡಿ, ಏನೂ ಆಗದು. ಇನ್ನೊಂದು ಕಡೆ ಕಿತ್ತಳೆಯ ಸಿಪ್ಪೆಯನ್ನು ಮಡಿಸಿ ಹಿಂಡಿ. ಚಿಮ್ಮಿದ ಎಣ್ಣೆ ಬಿದ್ದಲ್ಲಿ ಸಣ್ಣ ಸಣ್ಣ ಕುಳಿಗಳು ಬೀಳುವುವು. ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ಎಣ್ಣೆ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಮಾದರಿಗಳ ಅಂಟಿನಲ್ಲಿಯೂ ಈ ಎಣ್ಣೆಯನ್ನು ಬಳಸುವುದುಂಟು.

ಹವ್ಯಾಸಿಗಳು ಹಳೆಯ ಎನಾಮೆಲ್ ಬಣ್ಣವನ್ನು ತೆಗೆಯಲು ಐಸೋಪ್ರೊಪೈಲ್ ಆಲ್ಕೊಹಾಲನ್ನೋ ಗ್ಲೈಕಾಲ್ ಜಾತಿಯ ಬ್ರೇಕ್ ಎಣ್ಣೆಯನ್ನೋ ಬಳಸುವುದೇಕೆಂಬುದು ಈಗ ತಿಳಿಯುತ್ತದೆ. ಒಣಗಿದ ಎನಾಮೆಲ್ ಕರಗುವುದಿಲ್ಲ. ದ್ರವವನ್ನು ಹೀರಿ ಉಬ್ಬಿ, ನೆಲೆಯನ್ನು ಬಿಟ್ಟು, ಸುಕ್ಕುಗಟ್ಟಿದ ಚರ್ಮದಂತೆ ಏಳುತ್ತದೆ. ಅನಂತರ ಹಳೆಯ ಹಲ್ಲುಜ್ಜುವ ಕುಂಚದಿಂದ ಉಜ್ಜಿದರೆ ಸಾಕು. ಆದರೂ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮೊದಲು ಪರೀಕ್ಷಿಸುವುದು ವಿವೇಕ. ಕೈಗೆ ರಬ್ಬರಿನ ಚೀಲ ಬೇಕು, ಕೋಣೆಯಲ್ಲಿ ಗಾಳಿಯಾಡಬೇಕು, ಹತ್ತಿರ ಬೆಂಕಿ ಕೂಡದು.

ಬೆಳ್ಳಿಯ ಹೊಳಪು

ಬಂಪರು, ಚಕ್ರದ ಮುಚ್ಚಳ ಮುಂತಾದುವುಗಳ ಮೇಲಿನ ಹೊಳಪು ಕ್ರೋಮಿಯಂ ಅಲ್ಲ. ನಿರ್ವಾತ ಪಾತ್ರೆಯಲ್ಲಿ ಅಲ್ಯೂಮಿನಿಯಮನ್ನು ಕಾಸಿ ಆವಿಮಾಡಿ, ಆ ಆವಿ ಭಾಗಗಳ ಮೇಲೆ ಹೆಪ್ಪುಗಟ್ಟುವಂತೆ ಮಾಡಿರುತ್ತಾರೆ. ಈ ಲೋಹದ ಪದರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ಅದು ಮಾಸಿದ್ದರೆ ಬಟ್ಟೆ ಬಿಳುಪುಮಾಡುವ ಬ್ಲೀಚ್ ದ್ರಾವಣದಲ್ಲಿ ಭಾಗವನ್ನು ನೆನೆಹಾಕುತ್ತಾರೆ. ಆ ದ್ರಾವಣ ಕ್ಷಾರೀಯವಾದುದು. ಅಲ್ಯೂಮಿನಿಯಂ ಆಮ್ಲದಲ್ಲಿ ಕರಗುವಂತೆ ಕ್ಷಾರದಲ್ಲಿಯೂ ಕರಗುತ್ತದೆ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಬಲ್ಲರು. ಲೋಹ ಮಾಯವಾಗುತ್ತದೆ, ಪ್ಲಾಸ್ಟಿಕ್ಕಿಗೆ ಏನೂ ಆಗದು. ಬ್ಲೀಚನ್ನು ಯಾವ ಆಮ್ಲದೊಡನೆಯೂ, ಶೌಚಾಲಯ ತೊಳೆಯುವ ಆಮ್ಲದೊಡನೆ ಸಹ, ಬೆರೆಸಕೂಡದು. ಬೆರೆಸಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ.

ಟೈರಿನ ಕಾಟ

ಹಳೆಯ ಮಾದರಿಗಳಲ್ಲಿ ವಿಚಿತ್ರವಾದ ರೋಗವೊಂದು ಕಾಣುತ್ತದೆ. ಮೆತ್ತನೆಯ ಟೈರು ತಾಗಿಕೊಂಡಿದ್ದ ಕಡೆ ಚಕ್ರ ಕರಗಿ ತಗ್ಗುಬಿದ್ದಿರುತ್ತದೆ. ಯಾರೂ ದ್ರಾವಕ ಹಾಕಿಲ್ಲ, ಹಾಕಿದುದು ಟೈರೇ. ಅದು ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನದು. ಸ್ವಭಾವತಃ ಗಟ್ಟಿಯಾದ ಪಿ.ವಿ.ಸಿ.ಯನ್ನು ಮೆತ್ತಗಾಗಿಸಲು ಎಣ್ಣೆಯಂತಹ ದ್ರವವನ್ನು ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಆ ದ್ರವ ಟೈರಿನಿಂದ ಜಿನುಗಿ ಪಾಲಿಸ್ಟೈರೀನಿನೊಳಗೆ ಸೇರಿ ಅದನ್ನೂ ಮೆತ್ತಗಾಗಿಸುತ್ತದೆ. ಟೈರನ್ನೂ ಚಕ್ರವನ್ನೂ ಬೇರೆಬೇರೆ ಪೊಟ್ಟಣದಲ್ಲಿಡುವುದು, ಕೂಡಿಸುವಾಗ ನಡುವೆ ಲೋಹದ ತೆಳುಹಾಳೆಯನ್ನು ಸುತ್ತುವುದು ಇದಕ್ಕೆ ಪರಿಹಾರ.

ಬಿಸಿಲಿಗೋ ಭಾರಕ್ಕೋ ಬಾಗಿದ ಲಾರಿಯ ತೊಟ್ಟಿಯನ್ನು ನೆಟ್ಟಗೆ ಮಾಡಲು ಮತ್ತೆ ಶಾಖದ ನೆರವು ಬೇಕು. ಕುದಿದು ತುಸು ಆರಿದ ನೀರಿನಲ್ಲಿ ಅದನ್ನಿಟ್ಟು, ಬಗ್ಗುವಂತಾದೊಡನೆ ಸಮತಟ್ಟಾದ ಹಲಗೆಗೆ ಒತ್ತಿ ಹಿಡಿದು ತಣಿಸಬೇಕು. ಆತುರದಲ್ಲಿ ಒಲೆಯ ಬಳಿ ಹಿಡಿದರೆ, ಅಚ್ಚಿನಲ್ಲಿ ಹರಿಯುವಾಗ ಎಳೆಯಲ್ಪಟ್ಟು ಹಾಗೆಯೇ ಹೆಪ್ಪಾಗಿದ್ದ ಸರಪಳಿಗಳು ಒಮ್ಮೆಲೇ ಮುದುಡುತ್ತವೆ. ಭಾಗ ಕುಗ್ಗಿ ಸೊಟ್ಟಗಾಗುತ್ತದೆ. ಅದನ್ನು ಮತ್ತೆ ಸರಿಪಡಿಸಲಾಗದು.

ಹೊಸ ರೂಪ

ಮಾದರಿ ಬಿಡಿಭಾಗಗಳಾಗಿ ಶುಭ್ರವಾಗಿ ಮೇಜಿನ ಮೇಲೆ ಬಂದ ಬಳಿಕ, ಇಷ್ಟದಂತೆ ಮಾರ್ಪಡಿಸುವ ಕೆಲಸ ಮೊದಲಾಗುತ್ತದೆ. ಇಲ್ಲಿ ರಸಾಯನಶಾಸ್ತ್ರ ಹಿಂದೆ ಸರಿದು ರೇಖಾಗಣಿತ ಮುಂದೆ ಬರುತ್ತದೆ.

ಲಾರಿಯ ಚಾವಣಿಯನ್ನು ತಗ್ಗಿಸುವುದು ಅಮೆರಿಕದಲ್ಲಿ ಬಹು ಪ್ರಿಯವಾದ ಮಾರ್ಪಾಡು. ನಿಜವಾದ ವಾಹನದಲ್ಲಿ 10 ಸೆಂಟಿಮೀಟರ್ ತಗ್ಗಿಸಬೇಕೆಂದರೆ ಮಾದರಿಯಲ್ಲಿ 4 ಮಿಲಿಮೀಟರ್. ಕಂಬಗಳಿಂದ ಅಷ್ಟನ್ನು ಕೊಯ್ದು ಚಾವಣಿಯನ್ನು ಕೂರಿಸಿದರೆ ಅದು ಕೂಡುವುದೇ ಇಲ್ಲ! ಕಂಬಗಳು ಲಂಬವಾಗಿರದೆ ಒಳಕ್ಕೆ ವಾಲಿರುವುದೇ ಇದಕ್ಕೆ ಕಾರಣ. ಒಂದು ಕಂಬ ಲಂಬರೇಖೆಯಿಂದ 30 ಡಿಗ್ರಿ ವಾಲಿದ್ದರೆ, 4 ಮಿ.ಮೀ. ತಗ್ಗಿಸಿದಾಗ ಅದರ ತುದಿ ಸುಮಾರು 2.3 ಮಿ.ಮೀ. ಪಕ್ಕಕ್ಕೆ ಜರುಗುತ್ತದೆ. ಆದುದರಿಂದ ಚಾವಣಿಯನ್ನೂ ಕತ್ತರಿಸಿ ಹಿಗ್ಗಿಸಬೇಕು. ತ್ರಿಕೋನಮಿತಿ ಪರೀಕ್ಷೆಗಷ್ಟೇ ಎಂದು ತಿಳಿದವರು ಈ ಉದಾಹರಣೆಯನ್ನು ಗಮನಿಸಬೇಕು. ಸಂದುಗಳನ್ನು ಪಾಲಿಸ್ಟೈರೀನ್ ಹಾಳೆಯ ಚೂರುಗಳಿಂದ ತುಂಬಿ, ಉಪ್ಪುಕಾಗದದಿಂದ ಉಜ್ಜಿ ನುಣುಪುಗೊಳಿಸುತ್ತಾರೆ.

ಕೊನೆಯದು ಬಣ್ಣ. ನಿಜವಾದ ವಾಹನದ ಬಣ್ಣದ ಪದರಗಳೆಲ್ಲ ಸೇರಿ ಸುಮಾರು 0.1 ಮಿ.ಮೀ. ಇರುತ್ತವೆ ಎನ್ನೋಣ. ಪ್ರಮಾಣಕ್ಕೆ ಸರಿಯಾಗಿ ಮಾದರಿಯ ಮೇಲೆ 0.004 ಮಿ.ಮೀ. ಇರಬೇಕು. ಇದು ಕಾರ್ಯತಃ ಅಸಾಧ್ಯ. ಆದರೆ ಕುಂಚದಿಂದ 0.05 ಮಿ.ಮೀ. ಬಳಿದರೆ, ನಿಜವಾದ ಲಾರಿಗೆ 1.25 ಮಿ.ಮೀ. ದಪ್ಪದ ಬಣ್ಣ ಬಳಿದಂತೆ! ಹಿಂಬಾಗಿಲ ಮೇಲಿನ 'ಫೋರ್ಡ್' ಎಂಬ ಅಕ್ಷರಗಳ ಅಂಚುಗಳು ಅದರಲ್ಲಿ ಮುಳುಗಿಹೋಗುತ್ತವೆ. ಬಲ್ಲವರು ಬಣ್ಣವನ್ನು ತೆಳುವಾಗಿ ಬೆರೆಸಿ, ಗಾಳಿಯೊತ್ತಡದಿಂದ ಮಂಜಿನಂತೆ ಹಲವು ಸಲ ಸಿಂಪಡಿಸುವುದು ಈ ಕಾರಣದಿಂದಲೇ. ಮಿನುಗುವ ಲೋಹಕಣಗಳ ಬಣ್ಣಕ್ಕೂ ಇದೇ ನ್ಯಾಯ: ದೊಡ್ಡ ಕಾರಿನ ಮೇಲೆ ಮಿಂಚಾಗಿ ಕಾಣುವ ಕಣ ಪುಟ್ಟ ಲಾರಿಯ ಮೇಲೆ ಮರಳಿನಂತೆ ಕಾಣುತ್ತದೆ.

ಉಳಿಸುವುದೋ, ಬದಲಿಸುವುದೋ?

ಹಳೆಯದನ್ನು ಮೊದಲಿನಂತೆಯೇ ಮಾಡಬೇಕೆ, ಅಥವಾ ತನ್ನ ಇಷ್ಟದಂತೆ ಬದಲಿಸಬೇಕೆ ಎಂಬ ವಾದ ಹವ್ಯಾಸಿಗಳಲ್ಲಿ ಮುಗಿಯದು. ಆ ಪೆಟ್ಟಿಗೆಗಳೇ ಬದಲಿಸುವುದಕ್ಕೆಂದು ಮಾಡಿದುವು ಎಂಬುದು ಒಂದು ಪಕ್ಷ. ಮತ್ತೆ ಹುಟ್ಟದ ವಸ್ತುವಿಗೆ ಗರಗಸ ಹಾಕುವುದು ಸಲ್ಲದೆಂಬುದು ಇನ್ನೊಂದು ಪಕ್ಷ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರಗಳನ್ನೂ ಮೂರ್ತಿಗಳನ್ನೂ ಕಾಪಾಡುವವರು ಇದಕ್ಕೆ ಒಳ್ಳೆಯ ಮಾರ್ಗವನ್ನು ತೋರಿಸಿದ್ದಾರೆ: ಇಂದು ಮಾಡಿದುದನ್ನು ನಾಳೆ ಇನ್ನೊಬ್ಬನು, ಮೂಲಕ್ಕೆ ಕೇಡಾಗದಂತೆ, ತೆಗೆಯಲು ಸಾಧ್ಯವಾಗಿರಬೇಕು. ಬಣ್ಣವನ್ನು ತೆಗೆಯಬಹುದು, ತಗ್ಗಿಸಿದ ಅಚ್ಚುಗಳನ್ನು ಎತ್ತರಿಸಬಹುದು. ಕೊಯ್ದ ಚಾವಣಿ ಮಾತ್ರ ಹಿಂದಿರುಗದು. ಮತ್ತೆ ಅಚ್ಚಾಗಿ ಹೇರಳವಾಗಿ ಸಿಕ್ಕುವ ಮಾದರಿಯ ಮೇಲೆ ಗರಗಸದ ಅಭ್ಯಾಸ ನಡೆಯಲಿ. ಅಪರೂಪದ ಮಾದರಿಯಲ್ಲಿ ತಿರುಗಿಸಬಹುದಾದ ಮಾರ್ಪಾಡುಗಳು ಮಾತ್ರ ಇರಲಿ ಎಂಬುದು ನಮ್ಮ ಅಭಿಪ್ರಾಯ.

ಹಳೆಯ ಮಾದರಿಯೊಂದು ನಿಮ್ಮ ಕೈಗೆ ಬಂದರೆ, ಮೊದಲು ಒಂದು ಹಾಳೆಯಲ್ಲಿ ಅದರ ಈಗಿನ ಸ್ಥಿತಿಯನ್ನು ಬರೆದಿಡಿ. ಯಾವ ದ್ರವವನ್ನು, ಎಷ್ಟು ಹೊತ್ತು, ಯಾವ ಭಾಗಕ್ಕೆ ಬಳಸಿದಿರಿ ಎಂಬುದನ್ನೂ ಬರೆಯಿರಿ. ಕಳಚಿದ ಭಾಗ ಮುರಿದುದಾದರೂ ಎಸೆಯದೆ ಪೊಟ್ಟಣಕಟ್ಟಿ ಹೆಸರು ಬರೆದಿಡಿ. ಮುಂದೆ ಅದನ್ನು ಮತ್ತೆ ಬಿಚ್ಚುವವನಿಗೆ ಆ ಹಾಳೆ ನಿಮ್ಮ ಲಾರಿಯಷ್ಟೇ ಬೆಲೆಯುಳ್ಳದ್ದಾಗಿರುತ್ತದೆ.